ಮುಳ್ಳಿನ ಮೇಲೆ ಕಣ್ಣಿಟ್ಟು ಸ್ಪಿತಿಗೆ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಕಾರಿನಲ್ಲಿ ಹೋಗಲು ಎರಡು ದಾರಿಗಳಿವೆ. ಮನಾಲಿಯಿಂದ ಹೊರಟರೆ ಅಟಲ್ ಸುರಂಗವನ್ನು ದಾಟಿ, ಗ್ರಾಂಫೂ ಎಂಬಲ್ಲಿ ಡಾಂಬರನ್ನು ಬಿಟ್ಟು, ಚಂದ್ರಾ ನದಿಯ ಪಕ್ಕದ ಕಲ್ಲುರಾಶಿಯ ಮೇಲೆ ತೆವಳುತ್ತ ಸಾಗಿ, ಸುಮಾರು 4,550 ಮೀಟರ್ ಎತ್ತರದ ಕುಂಜುಮ್ ಕಣಿವೆಮಾರ್ಗವನ್ನು ಒಂದೇ ದಿನದಲ್ಲಿ ಹತ್ತಿಳಿಯಬೇಕು. ಶಿಮ್ಲಾದ ಕಡೆಯಿಂದ ಹೊರಟರೆ ದಾರಿ ಬಲು ಉದ್ದ. ಆದರೆ ಅದು ಸಟ್ಲೆಜ್ ನದಿಯ ಜೊತೆಜೊತೆಗೇ ಕಿನ್ನೌರ್ ಜಿಲ್ಲೆಯನ್ನು ಹಾದು, ದಿನಕ್ಕಿಷ್ಟು ಎಂಬಂತೆ ಮನುಷ್ಯರನ್ನು ನಿಧಾನವಾಗಿ ಎತ್ತರಕ್ಕೆ ಒಗ್ಗಿಸುತ್ತದೆ. ನಾವು ಎರಡನೆಯ ದಾರಿಯನ್ನು ಆರಿಸಿಕೊಂಡದ್ದು ನಮ್ಮ ಶ್ವಾಸಕೋಶಗಳ ಹಿತಕ್ಕಾಗಿ. ಕಾರಿನ ರೇಡಿಯೇಟರಿಗೂ ಅದರಿಂದ ಉಪಕಾರವಾಗಲಿದೆ ಎಂಬುದು ಹೊರಡುವಾಗ ಗೊತ್ತಿರಲಿಲ್ಲ.

ಕಾರು ಗೆಳೆಯನದು. ಮೈಸೂರಿನಲ್ಲಿ ಕೊಂಡ, ಕೆಎ-09 ಎಂದು ಶುರುವಾಗುವ ಸಂಖ್ಯೆಯ, ಪ್ರಾಯ ಸಂದ ಸಣ್ಣ ಪೆಟ್ರೋಲ್ ಕಾರು. ಅವನಿಗೆ ಚಂಡೀಗಢಕ್ಕೆ ವರ್ಗವಾದಾಗ ಮನೆಸಾಮಾನಿನ ಜೊತೆ ಅದೂ ಹೋಗಿತ್ತು. ನಮ್ಮೊಂದಿಗೆ ಮೂರನೆಯವಳಾಗಿ ಬಂದವಳು ಹಾಸನದ ಕಡೆಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನ್ನ ತಂಗಿ. ಕಾರು ಕೈಕೊಟ್ಟರೂ ನೀವು ಯಾಕೆ ಮುಂದಕ್ಕೆ ಹೋದಿರಿ ಎಂದು ಆಮೇಲೆ ಬಹಳ ಜನ ಕೇಳಿದರು. ಕೆಲವರ ದನಿಯಲ್ಲಿ ಮೆಚ್ಚುಗೆ ಇತ್ತು, ಹೆಚ್ಚಿನವರ ದನಿಯಲ್ಲಿ ಬೈಗುಳವಿತ್ತು. ಎರಡಕ್ಕೂ ನಾವು ಅರ್ಹರಲ್ಲವೆಂದೇ ನನ್ನ ಭಾವನೆ. ಯಾವ ಕೇಡನ್ನು ಹೊತ್ತುಕೊಂಡು ಬೆಟ್ಟ ಹತ್ತಬಹುದು, ಯಾವುದನ್ನು ಹೊತ್ತು ಹತ್ತಬಾರದು ಎಂಬ ಲೆಕ್ಕವನ್ನು ಬಲ್ಲವರು ಆ ದಾರಿಯುದ್ದಕ್ಕೂ ಇದ್ದಾರೆ. ನಾವು ಅವರನ್ನು ಕೇಳುತ್ತ ಕೇಳುತ್ತ ಹೋದೆವು, ಅಷ್ಟೆ.

ಮೊದಲ ಸೂಚನೆ ಸಿಕ್ಕಿದ್ದು ನಾರ್ಕಂಡಾದ ಏರಿನಲ್ಲಿ. ಆಗಸ್ಟ್ ತಿಂಗಳ ಕೊನೆಯೆಂದರೆ ಶಿಮ್ಲಾದ ಮೇಲ್ಭಾಗದಲ್ಲಿ ಸೇಬಿನ ಸುಗ್ಗಿಯ ಕಾಲ. ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕನ್ನ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಕೋಟ್‌ಗಢದಲ್ಲಿ ನೆಟ್ಟ ತಳಿ ಇಂದು ಆ ಇಳಿಜಾರುಗಳನ್ನೆಲ್ಲ ಆವರಿಸಿದೆ. ಹಾಗಾಗಿ ಠಿಯೋಗ್‌ನಿಂದ ನಾರ್ಕಂಡಾದವರೆಗಿನ ರಸ್ತೆಯನ್ನು ಪೆಟ್ಟಿಗೆ ತುಂಬಿದ ಲಾರಿಗಳು ಆಕ್ರಮಿಸಿಕೊಂಡಿರುತ್ತವೆ. ಅವುಗಳ ಬೆನ್ನಿಗೆ ಅಂಟಿಕೊಂಡು ಮೊದಲ ಗೇರಿನಲ್ಲೇ ಏರುತ್ತಿದ್ದಾಗ ಉಷ್ಣತೆಯ ಮುಳ್ಳು ಮಾಮೂಲಿ ಜಾಗವನ್ನು ಬಿಟ್ಟು ಮೇಲಕ್ಕೆ ಸರಿಯಿತು. ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ತಣಿಯಲು ಬಿಟ್ಟು ನೋಡಿದರೆ ಎಂಜಿನ್ನನ್ನು ತಣ್ಣಗಿಡುವ ಕೂಲಂಟ್ ದ್ರವ ತುಸು ಕಡಿಮೆಯಾಗಿತ್ತು. ತುಂಬಿಸಿದೆವು. ಸುಮಾರು 2,700 ಮೀಟರ್ ಎತ್ತರದ ನಾರ್ಕಂಡಾದಿಂದ ದಾರಿ ಸಟ್ಲೆಜ್ ತೀರಕ್ಕೆ ಧುಮುಕುತ್ತದೆ. ಹಳೆಯ ಬುಶಹರ್ ಸಂಸ್ಥಾನದ ರಾಜಧಾನಿಯಾಗಿದ್ದ ರಾಮ್‌ಪುರ ಇರುವುದು ಸಾವಿರ ಮೀಟರ್ ಎತ್ತರದ ಆಸುಪಾಸಿನಲ್ಲಿ. ಆ ಇಡೀ ಇಳಿಜಾರಿನಲ್ಲಿ ಮುಳ್ಳು ಸಾಧುಪ್ರಾಣಿಯಂತೆ ಕೆಳಗೇ ಕುಳಿತಿತ್ತು.

ರಾಮ್‌ಪುರದಿಂದ ಮುಂದಿನ ಕಣಿವೆ ಇಕ್ಕಟ್ಟಾಗಿದೆ, ಬಿಸಿಯಾಗಿದೆ, ಧೂಳಿನಿಂದ ತುಂಬಿದೆ. ಹಿಮಾಲಯವೆಂದರೆ ತಂಪು ಎಂದುಕೊಂಡು ಬಂದವರಿಗೆ ಇಲ್ಲಿ ನಿರಾಸೆಯಾಗುತ್ತದೆ. 1,500 ಮೆಗಾವಾಟ್ ಸಾಮರ್ಥ್ಯದ ನಾಥ್ಪಾ-ಝಾಕ್ರಿ ಯೋಜನೆಗಾಗಿ ನದಿಯ ಬಹುಪಾಲು ನೀರು 27 ಕಿಲೋಮೀಟರಿಗೂ ಉದ್ದದ ಸುರಂಗವನ್ನು ಹೊಕ್ಕುಬಿಡುವುದರಿಂದ, ದಾರಿಯ ಒಂದಿಷ್ಟು ಭಾಗದಲ್ಲಿ ಸಟ್ಲೆಜ್ ಹೆಸರಿಗಷ್ಟೇ ನದಿ. ತರಾಂಡಾ ಢಾಂಕ್‌ನಲ್ಲಿ ಬಂಡೆಯನ್ನೇ ಕೊರೆದು ರಸ್ತೆ ಮಾಡಿದ್ದಾರೆ; ಅಲ್ಲಿನ ದೇವಿಯ ಗುಡಿಯ ಮುಂದೆ ನಿಲ್ಲದೆ ಹೋಗುವ ಲಾರಿ ಇಲ್ಲ. ಅದಕ್ಕೆ ಸಮೀಪದ ನಿಗುಲ್ಸರಿಯಲ್ಲಿ 2021ರ ಆಗಸ್ಟ್ 11ರಂದು ಗುಡ್ಡ ಕುಸಿದು ಬಸ್ಸೊಂದು ಇತರ ವಾಹನಗಳ ಸಮೇತ ಹೂತುಹೋಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ಜಾಗವನ್ನು ದಾಟುವಾಗ ಯಾರೂ ಯಾರಿಗೂ ಹಾರ್ನ್ ಹೊಡೆಯುವುದಿಲ್ಲ, ಓವರ್‌ಟೇಕ್ ಮಾಡುವುದಿಲ್ಲ. ಅಲ್ಲಿಂದ ಸ್ವಲ್ಪ ಮುಂದೆ ಮುಳ್ಳು ಮತ್ತೆ ಎದ್ದಿತು. ಕಿಟಕಿಗಳನ್ನೆಲ್ಲ ಇಳಿಸಿ, ಸುಡುಮಧ್ಯಾಹ್ನದಲ್ಲಿ ಹೀಟರನ್ನು ಪೂರ್ತಿ ಹಾಕಿದೆವು. ಎಂಜಿನ್ನಿನ ಬಿಸಿನೀರು ಹೀಟರಿನ ಪುಟ್ಟ ರೇಡಿಯೇಟರಿನ ಮೂಲಕವೂ ಹರಿಯುವುದರಿಂದ ಒಂದಿಷ್ಟು ಶಾಖ ಹೀಗೆ ಹೊರಬೀಳುತ್ತದೆ. ಕಾರಿನೊಳಗೆ ಕೂತವರು ಬೇಯುತ್ತಾರೆ, ಎಂಜಿನ್ ಬದುಕುತ್ತದೆ. ಹಾಗೆ ಬೇಯುತ್ತಲೇ ಕಿನ್ನೌರ್ ಜಿಲ್ಲೆಯ ಕೇಂದ್ರವಾದ ರೆಕಾಂಗ್ ಪಿಯೊ ಸೇರಿದೆವು. ಎದುರಿಗೆ ಕಿನ್ನರ ಕೈಲಾಸದ ಹಿಮಶಿಖರಗಳು ಸಂಜೆಬಿಸಿಲಿನಲ್ಲಿ ನಿಂತಿದ್ದವು. ನಾವು ಅವುಗಳಿಗೆ ಬೆನ್ನು ಹಾಕಿ ಗ್ಯಾರೇಜ್ ಹುಡುಕುತ್ತಿದ್ದೆವು.

ಗ್ಯಾರೇಜೆಂದರೆ ರಸ್ತೆಬದಿಯ ಒಂದು ತಗಡಿನ ಮಾಡು, ಒಂದು ಜಾಕ್, ಹಲಗೆಯ ಮೇಲೆ ಸಾಲಾಗಿ ಜೋಡಿಸಿಟ್ಟ ಪಾನಾಗಳು. ಮಿಸ್ತ್ರಿ ಬಾನೆಟ್ ತೆರೆಯುವ ಮೊದಲು ಪ್ರಶ್ನೆಗಳನ್ನು ಕೇಳಿದ. ಮುಳ್ಳು ಏರುವುದು ಏರಿನಲ್ಲೋ, ನಿಂತಾಗಲೋ, ವೇಗವಾಗಿ ಹೋಗುವಾಗಲೋ? ತಣ್ಣಗಾದ ಮೇಲೆ ಎಷ್ಟು ನೀರು ಹಿಡಿಯಿತು? ಎಣ್ಣೆಯ ಕಡ್ಡಿಯಲ್ಲಿ ಹಾಲಿನ ಬಣ್ಣದ ನೊರೆ ಕಾಣಿಸಿತೇ? ಕೊನೆಯ ಪ್ರಶ್ನೆಗೆ ಇಲ್ಲವೆಂದಾಗ ಅವನ ಮುಖ ಸಡಿಲವಾಯಿತು. ಹೆಡ್ ಗ್ಯಾಸ್ಕೆಟ್ ಹೋಗಿ ನೀರೂ ಎಣ್ಣೆಯೂ ಬೆರೆತಿದ್ದರೆ ನಮ್ಮ ಪ್ರಯಾಣ ಅಲ್ಲಿಗೇ ಮುಗಿಯುತ್ತಿತ್ತು. ಎಂಜಿನ್ ಚಾಲೂ ಮಾಡಿಸಿ ಎಸಿ ಒತ್ತಿಸಿದ. ಹಾಗೆ ಒತ್ತಿದ ಕೂಡಲೇ ತಿರುಗಬೇಕಾದ ಫ್ಯಾನು ತಿರುಗಲಿಲ್ಲ; ಫ್ಯಾನಿಗೆ ವಿದ್ಯುತ್ ಹಾಯಿಸುವ ರಿಲೇ ಇದ್ದ ಕಡೆ ಬೆರಳಿನಿಂದ ತಟ್ಟಿದಾಗ ತಿರುಗಿತು, ಮತ್ತೆ ನಿಂತಿತು. ಆಮೇಲೆ ರೇಡಿಯೇಟರಿನ ಅಂಚನ್ನು ಬಟ್ಟೆಯಿಂದ ಒರೆಸಿ ತೋರಿಸಿದ. ಮೇಲಿನ ಪ್ಲಾಸ್ಟಿಕ್ ತೊಟ್ಟಿ ಕೆಳಗಿನ ಅಲ್ಯುಮಿನಿಯಂ ಜಾಲಕ್ಕೆ ಸೇರುವ ಹೊಲಿಗೆಯಲ್ಲಿ ಹಸಿರುಗಟ್ಟಿದ ಉಪ್ಪಿನಂಥ ಕಲೆಯಿತ್ತು. ಅಲ್ಲಿಂದ ಕೂಲಂಟ್ ಜಿನುಗಿ, ಬಿಸಿಗೆ ಆರಿ, ನೆಲಕ್ಕೆ ಒಂದು ಹನಿಯೂ ಬೀಳದಂತೆ ಮಾಯವಾಗುತ್ತಿತ್ತು.

ಹೊಸ ರೇಡಿಯೇಟರ್ ಪಿಯೊದಲ್ಲಿ ಇರಲಿಲ್ಲ. ಚಂಡೀಗಢದಿಂದ ಬಸ್ಸಿನಲ್ಲಿ ತರಿಸಬೇಕು. ಎಲ್ಲಿಗೆ ತರಿಸಬೇಕೆಂಬುದು ನಮಗೆ ಬಿಟ್ಟದ್ದು. ಪಿಯೊದಲ್ಲೇ ಕಾಯಬೇಕೇ, ಅಥವಾ ಸ್ಪಿತಿಯ ಮುಖ್ಯ ಊರಾದ ಕಾಜಾದವರೆಗೆ ಹೋಗಿ ಅಲ್ಲಿ ಹಾಕಿಸಿಕೊಳ್ಳಬಹುದೇ ಎಂದು ಕೇಳಿದೆವು. ಆಗ ಅವನು ಹಿಂದಿಯಲ್ಲಿ ಹೇಳಿದ ಮಾತನ್ನು ತಂಗಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು: ಬ್ರೇಕು, ಸ್ಟಿಯರಿಂಗು, ಚಕ್ರ ಈ ಮೂರರಲ್ಲಿ ಯಾವುದು ಕೆಟ್ಟಿದ್ದರೂ ಒಂದು ಮೈಲಿಯೂ ಹೋಗಬೇಡಿ, ನೀರಿನ ತೊಂದರೆಯಾದರೆ ನೀರನ್ನು ಹೊತ್ತುಕೊಂಡು ಹೋಗಿ. ಮೊದಲಿನ ಮೂರು ಮುನ್ಸೂಚನೆ ಕೊಡದೆ ಕೈಬಿಡುತ್ತವೆ, ನೀರಿನ ಕೇಡು ಮುಳ್ಳಿನ ಮೂಲಕ ಮುಂಚಿತವಾಗಿ ಹೇಳುತ್ತದೆ ಎಂಬುದು ಅವನ ತರ್ಕ. ನಾನು ಆ ದಾರಿಯಲ್ಲಿ ಕೇಳಿದ ಅತ್ಯಂತ ಸ್ಪಷ್ಟವಾದ ಮಾತು ಅದು.

ಹೊಲಿಗೆಯ ಅಂಚಿನ ಮಡಿಕೆಗಳನ್ನು ಇಕ್ಕಳದಿಂದ ಒಂದೊಂದಾಗಿ ಬಿಗಿ ಮಾಡಿ, ಕಲೆಯನ್ನು ಉಜ್ಜಿ ತೆಗೆದು, ಅದರ ಮೇಲೆ ಎಂ-ಸೀಲ್ ಬಳಿದ. ಫ್ಯಾನಿನ ರಿಲೇಯನ್ನು ಬದಿಗಿಟ್ಟು, ಬ್ಯಾಟರಿಯಿಂದ ಫ್ಯೂಸ್ ಸಮೇತ ನೇರ ತಂತಿ ಎಳೆದು, ಸ್ಟಿಯರಿಂಗಿನ ಕೆಳಗೆ ಮನೆಯ ಗೋಡೆಗೆ ಹಾಕುವಂಥ ಬಿಳಿಯ ಸ್ವಿಚ್ಚೊಂದನ್ನು ಕೂರಿಸಿದ. ಇನ್ನು ಮೇಲೆ ಫ್ಯಾನು ತಿರುಗಬೇಕಾದದ್ದು ಯಾವಾಗ ಎಂಬ ತೀರ್ಮಾನ ನಮ್ಮದು. ಬಯಲುಸೀಮೆಯ ಮಿಸ್ತ್ರಿಗಳು ಇಂಥ ಸಂದರ್ಭದಲ್ಲಿ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ತಡೆದಿಡುವ ಥರ್ಮೋಸ್ಟಾಟನ್ನೂ ಕಿತ್ತು ಎಸೆಯುವುದುಂಟು. ನೀರು ತಡೆಯಿಲ್ಲದೆ ಸುತ್ತಲಿ ಎಂದು. ನೀವು ದೆಹಲಿಗೆ ಹೋಗುವವರಾಗಿದ್ದರೆ ನಾನೂ ಕೀಳುತ್ತಿದ್ದೆ, ಮೇಲೆ ಚಳಿಯಲ್ಲಿ ಎಂಜಿನ್ ಬಿಸಿಯೇ ಆಗದೆ ಬೇರೆ ಗೋಳಾಗುತ್ತದೆ ಎಂದು ಅವನು ಅದನ್ನು ಹಾಗೆಯೇ ಬಿಟ್ಟ. ಎರಡು ದೊಡ್ಡ ಡಬ್ಬಿಗಳಲ್ಲಿ ನೀರು, ಒಂದು ಪೊಟ್ಟಣ ಅರಿಶಿನಪುಡಿ ಕೊಟ್ಟ. ಸೋರಿಕೆ ಹೆಚ್ಚಾದರೆ ಲಾರಿಯವರು ರೇಡಿಯೇಟರಿಗೆ ಅರಿಶಿನ ಹಾಕುತ್ತಾರಂತೆ, ಪುಡಿ ಹೋಗಿ ಕಂಡಿಯಲ್ಲಿ ಕೂತು ಮುಚ್ಚಿಕೊಳ್ಳುತ್ತದಂತೆ. ಅದನ್ನು ಬಳಸುವ ಪ್ರಸಂಗ ಬರಲಿಲ್ಲ. ಕಾಜಾದಲ್ಲಿ ಆಲೂಗಡ್ಡೆ ಪಲ್ಯಕ್ಕಾಯಿತು.

ಅಲ್ಲಿಂದ ಮುಂದೆ ನಮ್ಮ ದಿನಚರಿಯನ್ನು ಕಾರು ನಿರ್ಧರಿಸಿತು. ಬೆಳಕು ಹರಿಯುವ ಮೊದಲೇ ಹೊರಡುವುದು, ಏರುಗಳನ್ನೆಲ್ಲ ಬಿಸಿಲು ಬೀಳುವ ಮುನ್ನ ಮುಗಿಸುವುದು, ಮಧ್ಯಾಹ್ನಕ್ಕೆ ಊರು ಸೇರಿ ನಿಲ್ಲುವುದು. ವಿಚಿತ್ರವೆಂದರೆ ಬೆಟ್ಟ ಕೇಳುವುದೂ ಇದನ್ನೇ. ಬಿಸಿಲೇರಿದಂತೆ ಹಿಮ ಕರಗಿ ರಸ್ತೆಗಡ್ಡವಾಗಿ ಹರಿಯುವ ನಾಲಾಗಳು ಉಬ್ಬುತ್ತವೆ. ಮಧ್ಯಾಹ್ನದ ಗಾಳಿ ಎದ್ದಾಗ ಮರವಿಲ್ಲದ ಇಳಿಜಾರುಗಳಿಂದ ಕಲ್ಲುಗಳು ಉದುರತೊಡಗುತ್ತವೆ. ಹೀಗಾಗಿ ಅಲ್ಲಿನ ಅನುಭವಿ ಚಾಲಕರು ಕಾರು ಎಷ್ಟೇ ಗಟ್ಟಿಯಾಗಿದ್ದರೂ ಬೆಳಗಿನ ಜಾವವನ್ನೇ ನೆಚ್ಚುತ್ತಾರೆ. ತಡವಾಗಿ ಎದ್ದು, ತಿಂಡಿ ಮುಗಿಸಿ, ಹತ್ತು ಗಂಟೆಗೆ ಹೊರಟು ನಮ್ಮನ್ನು ಹಿಂದಿಕ್ಕುತ್ತಿದ್ದ ದೊಡ್ಡ ದೊಡ್ಡ ಗಾಡಿಗಳು ಎಷ್ಟೋ ಬಾರಿ ಕಲ್ಲು ಬಿದ್ದ ಜಾಗದಲ್ಲಿ ಸಾಲುಗಟ್ಟಿ ನಿಂತ ಸುದ್ದಿ ಸಂಜೆ ನಮಗೆ ತಲುಪುತ್ತಿತ್ತು.

ಖಾಬ್‌ನಲ್ಲಿ ಸ್ಪಿತಿ ನದಿ ಬಂದು ಸಟ್ಲೆಜ್‌ಗೆ ಸೇರುತ್ತದೆ. ಟಿಬೆಟ್‌ನಿಂದ ಶಿಪ್ಕಿ ಲಾ ಬಳಿ ಒಳಬಂದ ನದಿಯನ್ನು ಅಲ್ಲಿ ಬಿಟ್ಟು ರಸ್ತೆ ಸ್ಪಿತಿಯ ಕಡೆ ತಿರುಗಿ, ಕಾ ಎಂಬ ಹಳ್ಳಿಯ ಬಳಿ ಒಂದರ ಮೇಲೊಂದು ತಿರುವುಗಳನ್ನು ಹೊಲಿದುಕೊಂಡು ನಾಕೋದತ್ತ ಹತ್ತುತ್ತದೆ. ಕಾರಿನ ನಿಜವಾದ ಪರೀಕ್ಷೆ ಇದೇ ಎಂದು ಪಿಯೊದ ಮಿಸ್ತ್ರಿ ಹೇಳಿದ್ದ. ಗೆಳೆಯ ಸ್ಟಿಯರಿಂಗ್ ಹಿಡಿದಿದ್ದ, ತಂಗಿ ಮುಳ್ಳನ್ನು ನೋಡುತ್ತಿದ್ದಳು, ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟಿದ್ದೆ. ಎರಡು ತಿರುವಿಗೊಮ್ಮೆ ಗಾಳಿಗೆ ಮುಖವಾಗಿ ನಿಲ್ಲಿಸಿ, ಎಂಜಿನ್ ಆರಿಸದೆ ಫ್ಯಾನ್ ಓಡಿಸಿ, ಮುಳ್ಳು ಇಳಿದ ಮೇಲೆ ಹೊರಡುವುದು. ಹಾಗೆ ನಿಂತ ಪ್ರತಿ ಜಾಗದಲ್ಲೂ ಕೆಳಗಿನ ಕಮರಿ ಇನ್ನಷ್ಟು ಆಳವಾಗಿ ಕಾಣುತ್ತಿತ್ತು. ಸರಿಯಾದ ಕಾರಿನಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಆ ಏರನ್ನು ನಾವು ಒಂದು ಬೆಳಗಿನ ಬಹುಪಾಲು ಹತ್ತಿದೆವು. 3,600 ಮೀಟರ್ ದಾಟಿದ ನಾಕೋ ತಲುಪಿದಾಗ ತಲೆನೋವು ಯಾರಿಗೂ ಬಂದಿರಲಿಲ್ಲ.

ನಾಕೋ ಬಳಿಯ ಮಲಿಂಗ್ ನಾಲಾದಲ್ಲಿ ರಸ್ತೆ ಎಂಬುದು ಶಾಶ್ವತವಾದ ವಸ್ತುವಲ್ಲ. ಗುಡ್ಡ ಸದಾ ಜಾರುತ್ತಿರುತ್ತದೆ, ಜನ ಸದಾ ಗೀಚಿ ಸರಿಪಡಿಸುತ್ತಿರುತ್ತಾರೆ. 1850ರಲ್ಲಿ ಡಾಲ್‌ಹೌಸಿಯ ಕಾಲದಲ್ಲಿ ಹಿಂದೂಸ್ತಾನ್-ಟಿಬೆಟ್ ರಸ್ತೆಯೆಂದು ಆರಂಭವಾದ ಹೇಸರಗತ್ತೆಗಳ ದಾರಿ ಹಂತಹಂತವಾಗಿ ಮೋಟಾರು ರಸ್ತೆಯಾದದ್ದು ಈ ಕೆಲಸದಿಂದಲೇ. 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆಯ ಹಳದಿ ಫಲಕಗಳ ಚಮತ್ಕಾರದ ಸಾಲುಗಳನ್ನು ಪ್ರವಾಸಿಗರು ಫೋಟೊ ತೆಗೆದುಕೊಳ್ಳುತ್ತಾರೆ. ಫಲಕದ ಪಕ್ಕದಲ್ಲಿ ಕಲ್ಲೊಡೆಯುತ್ತಿರುವವರು ಆ ಚೌಕಟ್ಟಿನೊಳಗೆ ಬರುವುದು ಕಡಿಮೆ. ಅವರಲ್ಲಿ ಬಹಳ ಮಂದಿ ಜಾರ್ಖಂಡಿನ ದುಮ್ಕಾ ಕಡೆಯವರು, ಬೇಸಿಗೆಯ ತಿಂಗಳುಗಳಿಗೆಂದು ಬಂದವರು. ನಾವು ಕಾರು ತಣಿಸಲು ನಿಂತದ್ದು ಅಂಥದೊಂದು ತಂಡದ ಡೇರೆಯ ಎದುರು. ನಾವು ಕೇಳುವ ಮುನ್ನವೇ ಒಬ್ಬ ಹೆಂಗಸು ಡಾಂಬರಿನ ಡಬ್ಬಿಯನ್ನು ಕೊಯ್ದು ಮಾಡಿದ ಬಕೆಟ್ಟಿನಲ್ಲಿ ನೀರು ತಂದಿಟ್ಟಳು. ರೇಡಿಯೇಟರಿಗೆ ಬೇಕಾದ ನೀರು ನಮ್ಮ ಬಳಿ ಇತ್ತು. ಆದರೂ ಆ ನೀರನ್ನೇ ಹಾಕಿದೆವು. ಅವರ ಮೇಸ್ತ್ರಿ ನಾಲಾ ಇಳಿದು ನೋಡಿಬಂದು, ಯಾವ ಕಲ್ಲಿನ ಬಲಕ್ಕೆ ಚಕ್ರ ಹಾಯಿಸಬೇಕೆಂದು ಕೈಯಲ್ಲೇ ಗೆರೆ ಎಳೆದು ತೋರಿಸಿದ.

ಸುಮ್ದೋ ದಾಟಿದರೆ ಲಾಹೌಲ್-ಸ್ಪಿತಿ ಜಿಲ್ಲೆ. ಸುಮಾರು 13,800 ಚದರ ಕಿಲೋಮೀಟರ್ ವಿಸ್ತಾರದ ಈ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಇದ್ದವರು 31,564 ಜನ. ಚದರ ಕಿಲೋಮೀಟರಿಗೆ ಇಬ್ಬರು. ಅದೇ ಗಣತಿಯಲ್ಲಿ ಕರ್ನಾಟಕದ ಸಾಂದ್ರತೆ 319. ಕಾರು ನಿಂತರೆ ಯಾರಾದರೂ ಬರುತ್ತಾರೆ ಎಂಬ ನಮ್ಮ ಬಯಲುಸೀಮೆಯ ನಂಬಿಕೆಗೆ ಇಲ್ಲಿ ಅಂಕಿಸಂಖ್ಯೆಯ ಆಧಾರವಿಲ್ಲ. ಆದರೂ ಯಾರಾದರೂ ಬರುತ್ತಾರೆ, ಮತ್ತು ಬಂದವರು ನಿಲ್ಲುತ್ತಾರೆ. ನಾಳೆ ತನ್ನ ಗಾಡಿಯೂ ಹೀಗೆಯೇ ನಿಲ್ಲಬಹುದೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ತಾಬೋದ ರಾತ್ರಿ ತಂಗಿ ನಮಗೆ ರೇಡಿಯೇಟರಿನ ಪಾಠ ಮಾಡಿದಳು. ನಾವು ಉಳಿದುಕೊಂಡ ಮನೆಯ ಅಡುಗೆಮನೆಯಲ್ಲಿ ಅನ್ನಕ್ಕೂ ಬೇಳೆಗೂ ಕುಕ್ಕರೇ ಆಧಾರವಾಗಿತ್ತು. ಆ 3,280 ಮೀಟರ್ ಎತ್ತರದಲ್ಲಿ ನೀರು ಸುಮಾರು 89 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಎಷ್ಟು ಕುದಿಸಿದರೂ ಕಾಳು ಬೇಯುವಷ್ಟು ಬಿಸಿ ಏರುವುದಿಲ್ಲ. ಕುಕ್ಕರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲಕ್ಕೆ ತಳ್ಳುತ್ತದೆ. ರೇಡಿಯೇಟರಿನ ಮುಚ್ಚಳ ಮಾಡುವುದೂ ಅದನ್ನೇ. ನಮ್ಮ ರೇಡಿಯೇಟರಿನ ಹೊಲಿಗೆ ಬಿಟ್ಟಿತೆಂದರೆ ಒತ್ತಡ ನಿಲ್ಲುವುದಿಲ್ಲ. ಆಗ ಒಳಗಿನ ನೀರು ಹೊರಗಿನ ಗಾಳಿಯ ಲೆಕ್ಕದಲ್ಲೇ ಕುದಿಯತೊಡಗುತ್ತದೆ. ಮೈಸೂರಿನಲ್ಲಿ ಅದು 97 ಡಿಗ್ರಿಯ ಆಸುಪಾಸು, ಕುಂಜುಮ್‌ನಲ್ಲಿ ಸುಮಾರು 85. ಎಂಜಿನ್ನಿನ ಥರ್ಮೋಸ್ಟಾಟ್ ತೆರೆದುಕೊಳ್ಳುವುದೇ ಹೆಚ್ಚುಕಡಿಮೆ ಆ ಬಿಸಿಯಲ್ಲಿ. ಅಂದರೆ ಊರಿನಲ್ಲಿ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಇರಬಹುದಾದ ಜಿನುಗು, ಮೇಲೆ ಹೋದಷ್ಟೂ ದೊಡ್ಡದಾಗುತ್ತ ಹೋಗುತ್ತದೆ. ಕೂಲಂಟ್ ಬೆರೆಸಿದ್ದರಿಂದ ಕೆಲವು ಡಿಗ್ರಿಗಳ ಲಾಭ ಸಿಗುತ್ತದೆ. ಹೊರಗಿನ ಗಾಳಿ ತಣ್ಣಗಿರುವುದು ಇನ್ನೊಂದು ಲಾಭ. ಆದರೆ ಅದು ತೆಳುವಾಗಿರುವುದರಿಂದ ಶಾಖವನ್ನು ಹೊತ್ತೊಯ್ಯುವ ಶಕ್ತಿಯೂ ಕಡಿಮೆ. ನಮ್ಮ ಮನೆಯೊಡತಿ ಈ ಪಾಠವನ್ನೆಲ್ಲ ಕೇಳಿಸಿಕೊಂಡು, ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಕಾಜಾದಿಂದ ತರಿಸಲು ನಮಗೆ ವಾರ ಹಿಡಿಯುತ್ತದೆ ಎಂದಳು. ಸೋರುವ ರೇಡಿಯೇಟರಿಗಿಂತ ಅದು ದೊಡ್ಡ ಸಮಸ್ಯೆಯೆಂಬುದು ಅವಳ ಮುಖದಲ್ಲಿ ಸ್ಪಷ್ಟವಿತ್ತು.

ಬೆಳಿಗ್ಗೆ ತಾಬೋದ ಬೌದ್ಧ ಮಠದ ಗುಡಿಗಳನ್ನು ನೋಡಿದೆವು. 996ರಲ್ಲಿ ಕಟ್ಟಿದ್ದು, ಹೊರಗಿನಿಂದ ನೋಡಿದರೆ ಮಣ್ಣಿನ ದಪ್ಪ ಗೋಡೆಗಳು ಮಾತ್ರ. ಒಳಗಿನ ಕತ್ತಲೆಗೆ ಕಣ್ಣು ಹೊಂದಿದ ಮೇಲೆ ಗೋಡೆಯಿಂದ ಹೊರಚಾಚಿದ ಗಾರೆಯ ಮೂರ್ತಿಗಳು, ಅವುಗಳ ನಡುವೆ ಸಾವಿರ ವರ್ಷದ ಚಿತ್ರಗಳು ಒಂದೊಂದಾಗಿ ಮೂಡುತ್ತವೆ. 1975ರ ಜನವರಿಯಲ್ಲಿ ಕಿನ್ನೌರ್ ಭೂಕಂಪವಾದಾಗ ಇವು ಬಿರುಕುಬಿಟ್ಟವು, ಆದರೂ ನಿಂತವು. ಮಠದ ಹೊಸ ಕಟ್ಟಡ ಆಮೇಲೆ ಬಂದದ್ದು. ಹಳೆಯದನ್ನು ಯಾರೋ ಪ್ರತಿ ವರ್ಷ ಮಣ್ಣು ಮೆತ್ತಿ, ಸೂರು ಸರಿಪಡಿಸಿ ಉಳಿಸಿಕೊಳ್ಳುತ್ತ ಬಂದಿದ್ದಾರೆ.

ಕಾಜಾದಲ್ಲಿ ಕಾಯುವ ಕೆಲಸ. ಚಂಡೀಗಢದಿಂದ ಹೊರಟ ರೇಡಿಯೇಟರ್ ಒಂದು ಬಸ್ಸಿನ ಕಂಡಕ್ಟರನಿಂದ ಇನ್ನೊಂದು ಬಸ್ಸಿನ ಕಂಡಕ್ಟರನಿಗೆ ಕೈಬದಲಾಗಿ, ರಟ್ಟಿನ ಮೇಲೆ ಬರೆದ ಫೋನ್ ನಂಬರನ್ನಷ್ಟೇ ವಿಳಾಸವಾಗಿಟ್ಟುಕೊಂಡು, ಒಂದು ಸಂಜೆ ನಿಜವಾಗಿಯೂ ಬಂದಿಳಿಯಿತು. ಕೊರಿಯರಿನವರು ಕಲಿಯಬೇಕಾದ ವ್ಯವಸ್ಥೆ. ಬಿಚ್ಚಿ ನೋಡಿದರೆ ಅದು ಅದೇ ಕಾರಿನ ಡೀಸೆಲ್ ಮಾದರಿಯದು. ಕೊಳವೆಯ ಬಾಯಿಗಳು ತಿರುಗುಮುರುಗು. ಕಾಜಾದ ಮಿಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ಹಿಡಿದು ನೋಡಿ, ನಕ್ಕು, ಹಳೆಯದನ್ನೇ ಇನ್ನೊಮ್ಮೆ ಬಿಚ್ಚಿ, ಪಿಯೊದ ಎಂ-ಸೀಲ್ ಕೆರೆದು, ಹೊಲಿಗೆಯ ಉದ್ದಕ್ಕೂ ಹೊಸ ಎಪಾಕ್ಸಿ ಹಚ್ಚಿ, ಒಂದು ರಾತ್ರಿ ಒಲೆಯ ಹತ್ತಿರ ಒಣಗಲು ಇಟ್ಟ.

ಗ್ಯಾರೇಜಿನ ಮುಂದೆ ನಿಂತ ನಮ್ಮ ಕಾರಿನ ನಂಬರ್ ಫಲಕವನ್ನು ನೋಡಿ ಯುವ ಭಿಕ್ಷುವೊಬ್ಬ ನಿಂತು, 'ಮೈಸೂರಾ?' ಎಂದ. ಬೈಲಕುಪ್ಪೆಯಲ್ಲಿ ವರ್ಷಗಟ್ಟಲೆ ಓದಿದವನಂತೆ. ಸ್ಪಿತಿಯ ಹುಡುಗರು ಶಾಸ್ತ್ರಾಧ್ಯಯನಕ್ಕೆ ಬೈಲಕುಪ್ಪೆ, ಮುಂಡಗೋಡುಗಳ ಮಠಗಳಿಗೆ ಹೋಗುವುದು ಇಲ್ಲಿ ಹೊಸದೇನೂ ಅಲ್ಲ. ಅವನ ಕನ್ನಡ ಕುಶಾಲನಗರದ ಸಂತೆಯಲ್ಲಿ ಕಲಿತದ್ದು. ಲೆಕ್ಕ, ತರಕಾರಿ, ಬಸ್ಸಿನ ವೇಳೆ ಇವುಗಳಲ್ಲಿ ಅತಿ ನಿಖರ. ಕಾರಿನ ಕಥೆ ಕೇಳಿದ ಮೇಲೆ ಅವನು ಮಿಸ್ತ್ರಿಯೊಂದಿಗೆ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿ, ನಮಗೆ ಕನ್ನಡದಲ್ಲಿ ಸಾರಾಂಶ ಹೇಳಿದ: 'ವಾಪಸ್ ಹೋದ್ರೂ ಅಷ್ಟೇ, ಮುಂದೆ ಹೋದ್ರೂ ಅಷ್ಟೇ. ಒಂಟಿ ಹೋಗ್ಬೇಡಿ.'

ಲೆಕ್ಕ ಹಾಕಿ ನೋಡಿದರೆ ಅದು ಸರಿಯೇ. ಬಂದ ದಾರಿಯಲ್ಲಿ ಹಿಂತಿರುಗಿದರೆ ದೂರ ಇಮ್ಮಡಿ, ಕಿನ್ನೌರಿನಲ್ಲಿ ಮಳೆ ಶುರುವಾಗಿತ್ತು, ಕೆಳಗಿನ ಕಣಿವೆಯ ಬಿಸಿ ಮತ್ತೆ ಕಾಯುತ್ತಿತ್ತು. ಮುಂದೆ ಹೋದರೆ ಮನಾಲಿ 200 ಕಿಲೋಮೀಟರ್. ಕಡಿದಾದ ಏರು ಇರುವುದು ಲೋಸರ್‌ನಿಂದ ಕುಂಜುಮ್‌ವರೆಗೆ ಮಾತ್ರ, ಅಲ್ಲಿಂದಾಚೆ ಇಳಿಜಾರು. ಆದರೆ ಬಾತಲ್‌ನಿಂದ ಗ್ರಾಂಫೂವರೆಗಿನ ಐವತ್ತು ಕಿಲೋಮೀಟರ್‌ಗಳಷ್ಟು ಕಲ್ಲುದಾರಿಯಲ್ಲಿ ಫೋನು ಹಿಡಿಯುವುದಿಲ್ಲ, ಗ್ಯಾರೇಜಿಲ್ಲ. ಕುಂಜುಮ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 57ರಷ್ಟು. ಟರ್ಬೊ ಇಲ್ಲದ ನಮ್ಮ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣಕ್ಕೆ ಇಳಿದಿರುತ್ತದೆ. ಬ್ರೇಕು ಸರಿಯಿತ್ತು, ಸ್ಟಿಯರಿಂಗ್ ಸರಿಯಿತ್ತು, ಚಕ್ರಗಳು ಸರಿಯಿದ್ದವು. ಜೊತೆಗೊಂದು ಗಾಡಿ ಸಿಕ್ಕರೆ ಮುಂದೆ, ಸಿಗದಿದ್ದರೆ ಹಿಂದೆ ಎಂದು ತೀರ್ಮಾನಿಸಿ, ಕಾಜಾದ ಬಂಕಿನಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಲೋಸರ್ ತನಕ ಹೋದೆವು.

ಲೋಸರ್‌ನ ಹೊಲಗಳಲ್ಲಿ ಬಟಾಣಿಯ ಕೊನೆಯ ಕೊಯ್ಲು ನಡೆದಿತ್ತು. ಬಯಲಿನಲ್ಲಿ ಹಸಿಬಟಾಣಿ ಮುಗಿದಿರುವ ಕಾಲಕ್ಕೆ ಸ್ಪಿತಿಯಲ್ಲಿ ಅದು ಬರುವುದರಿಂದ ಒಳ್ಳೆಯ ಬೆಲೆ ಸಿಗುತ್ತದೆ. ಮೂಟೆ ಕಟ್ಟಿ ಪಿಕಪ್ ಗಾಡಿಗಳಲ್ಲಿ ಕುಂಜುಮ್ ದಾಟಿಸಿ ಮಾರುಕಟ್ಟೆಗೆ ಕಳಿಸುತ್ತಾರೆ. ಅಂಥ ಒಂದು ಪಿಕಪ್ಪಿನ ಚಾಲಕ, ನಾವು ಬಾನೆಟ್ ತೆರೆದು ನಿಂತದ್ದನ್ನು ಕಂಡು ತಾನಾಗಿಯೇ ಬಂದು ವಿಚಾರಿಸಿದ. ಎಷ್ಟು ಜನ ಇದ್ದೀರಿ ಎಂದು ಕೇಳಿದ. ಮೂವರು ಎಂದೆವು. ಬೆಳಿಗ್ಗೆ ನಾಲ್ಕಕ್ಕೆ ತಾನು ಹೊರಡುವವನು, ಬೇಕಿದ್ದರೆ ಜೊತೆಗೆ ಬನ್ನಿ ಎಂದ. ಇಷ್ಟು ಸುಲಭವಾಗಿ ಜೊತೆ ಸಿಕ್ಕಿತಲ್ಲ ಎಂದು ನಾವು ಹಿಗ್ಗಿದೆವು.

ಕತ್ತಲಲ್ಲಿ ಅವನ ಹಿಂದಿನ ಕೆಂಪು ದೀಪವನ್ನು ಹಿಂಬಾಲಿಸಿ ಕುಂಜುಮ್ ಹತ್ತಿದೆವು. ಮೊದಲ ಗೇರು, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ನಡಿಗೆಯ ವೇಗ. ಎಪಾಕ್ಸಿ ಹಿಡಿದಿತ್ತು. ಮುಳ್ಳು ಕೆಂಪುಗೆರೆಯ ಸಮೀಪಕ್ಕೆ ಎರಡು ಬಾರಿ ಹೋಗಿ ಬಂತು, ತಂಗಿ ಹೊರಗಿನ ಚಳಿಯನ್ನು ಹೊಗಳುತ್ತ ಹೀಟರ್ ಹಾಕಿಸಿದಳು. ಆ ದಾರಿಯಲ್ಲಿ ಹೀಟರ್ ಹಾಕಿದ್ದರಿಂದ ಸುಖವಾದದ್ದು ಅದೊಂದೇ ಸಲ. ಮೇಲಿನ ಕುಂಜುಮ್ ದೇವಿಯ ಗುಡಿಯನ್ನು ವಾಹನಗಳು ಪ್ರದಕ್ಷಿಣೆ ಹಾಕಿಯೇ ಮುಂದೆ ಹೋಗಬೇಕೆಂಬುದು ವಾಡಿಕೆ. ಪಿಕಪ್ ಸುತ್ತಿತು, ಅದರ ಹಿಂದೆ ನಾವೂ ಸುತ್ತಿದೆವು. ಚಾಲಕ ಇಳಿದು ಕೈಮುಗಿದು ಬಂದ. ಅವನ ಎಂಜಿನ್ ಮಾತ್ರ ಗುಡುಗುಡು ಎನ್ನುತ್ತಲೇ ಇತ್ತು. ಬಾತಲ್‌ನ ಢಾಬಾದಲ್ಲಿ ರಾಜ್ಮಾ-ಅನ್ನ ತಿನ್ನುವಷ್ಟು ಹೊತ್ತೂ ಅದು ಆರಲಿಲ್ಲ. ಎತ್ತರದಲ್ಲಿ ಡೀಸೆಲ್ ಎಂಜಿನ್ ಆರಿಸಬಾರದೆಂಬ ನಿಯಮವೇನಾದರೂ ಇರಬಹುದೆಂದು ಗೆಳೆಯ ಊಹಿಸಿದ.

ಬಾತಲ್‌ನಿಂದ ಮುಂದಿನ ದಾರಿಯನ್ನು ವರ್ಣಿಸುವುದು ಕಷ್ಟ, ಏಕೆಂದರೆ ವರ್ಣಿಸಲು ದಾರಿ ಇಲ್ಲ. ಎಡಗಡೆ ಚಂದ್ರಾ ನದಿಯಾಚೆ ಬಡಾ ಶಿಗ್ರಿ ಹಿಮನದಿ ಬಂದು ಮುಗಿಯುವ ಜಾಗ. ಈಚೆ ಮನುಷ್ಯನ ತಲೆಗಾತ್ರದ ಕಲ್ಲುಗಳು, ಅವುಗಳ ಮೇಲೆ ಹರಿಯುವ ಹಿಮದ ನೀರು. ನಮ್ಮ ಬಿಳಿಯ ಸ್ವಿಚ್ಚಿನ ಮಹತ್ವ ಗೊತ್ತಾದದ್ದು ಇಲ್ಲಿಯೇ. ಆಳವಾದ ನಾಲಾ ದಾಟುವಾಗ ರೇಡಿಯೇಟರಿನ ಹಿಂದಿನ ಫ್ಯಾನು ತಿರುಗುತ್ತಿದ್ದರೆ ಅದರ ರೆಕ್ಕೆಗಳು ನೀರಿಗೆ ಸಿಕ್ಕು ಬಾಗಿ ರೇಡಿಯೇಟರನ್ನೇ ಕೆರೆಯಬಹುದು, ಇಲ್ಲವೇ ನೀರನ್ನು ಎಂಜಿನ್ನಿನ ತುಂಬ ಎರಚಬಹುದು. ಕಾರ್ಖಾನೆಯ ವ್ಯವಸ್ಥೆಯಲ್ಲಿ ಫ್ಯಾನು ತನಗೆ ಬೇಕೆನಿಸಿದಾಗ ತಿರುಗುತ್ತದೆ. ನಾವು ನೀರಿಗಿಳಿಯುವ ಮುನ್ನ ಟಕ್ಕನೆ ಆರಿಸಿ, ಆಚೆ ದಂಡೆ ಏರಿ ಟಕ್ಕನೆ ಹಾಕುತ್ತಿದ್ದೆವು. ಪಿಕಪ್ಪಿನವನು ಪ್ರತಿ ನಾಲಾದಲ್ಲೂ ಮೊದಲು ದಾಟಿ, ಆಚೆ ನಿಂತು, ಕೈಸನ್ನೆಯಲ್ಲಿ ನಮ್ಮನ್ನು ಬರಮಾಡಿಕೊಳ್ಳುತ್ತಿದ್ದ. ಛತ್ರೂ ದಾಟಿ, ಗ್ರಾಂಫೂದಲ್ಲಿ ಡಾಂಬರು ಸಿಕ್ಕಾಗ ಚಕ್ರಗಳ ಸದ್ದೇ ನಿಂತುಹೋದಂತಾಗಿ ಮೂವರೂ ಒಮ್ಮೆಲೇ ಮಾತಾಡತೊಡಗಿದೆವು.

ಕೋಕ್ಸರ್‌ನಲ್ಲಿ ಚಹಾಕ್ಕೆ ನಿಂತಾಗ ಪಿಕಪ್ಪಿನ ಎಂಜಿನ್ ತಾನಾಗಿ ಕೆಮ್ಮಿ ಆರಿಹೋಯಿತು. ಚಾಲಕ ಗಡಿಬಿಡಿಯಾಗಲಿಲ್ಲ. ಚಹಾ ಮುಗಿಸಿ, ಲೋಟ ಇಟ್ಟು, ನಮ್ಮ ಕಡೆ ತಿರುಗಿ, ಬನ್ನಿ ಎಂದ. ಅವನ ಸ್ಟಾರ್ಟರ್ ಮೋಟಾರು ಕಾಜಾದಲ್ಲೇ ಸತ್ತಿತ್ತು. ಬಟಾಣಿ ಕೆಡುವ ಮುನ್ನ ಮನಾಲಿ ಸೇರಬೇಕು, ಸ್ಟಾರ್ಟರಿಗಾಗಿ ಕಾಯುವಂತಿಲ್ಲ. ಇಳಿಜಾರಿನಲ್ಲಿ ನಿಂತರೆ ತಾನೇ ಉರುಳಿಸಿ ಚಾಲೂ ಮಾಡಿಕೊಳ್ಳಬಲ್ಲ, ಸಮತಟ್ಟಿನಲ್ಲಿ ನಿಂತರೆ ತಳ್ಳಲು ಕನಿಷ್ಠ ಮೂವರು ಬೇಕು. ಲೋಸರ್‌ನಲ್ಲಿ ಅವನು ನಮ್ಮ ತಲೆ ಎಣಿಸಿದ್ದು ಅದಕ್ಕೆ. ಇದನ್ನು ಅವನು ಯಾವ ಸಂಕೋಚವೂ ಇಲ್ಲದೆ ಹೇಳಿದ, ನಾವೂ ಯಾವ ಮುನಿಸೂ ಇಲ್ಲದೆ ಕೇಳಿ, ಮೂಟೆಗಳ ಕೆಳಗೆ ಭುಜ ಕೊಟ್ಟೆವು. ಢಾಬಾದವನೂ ಬಂದು ಸೇರಿದ. 3,000 ಮೀಟರಿಗೂ ಮೇಲಿನ ತೆಳುಗಾಳಿಯಲ್ಲಿ ಬಟಾಣಿ ತುಂಬಿದ ಗಾಡಿಯನ್ನು ತಳ್ಳುವುದು ಎಂಥ ಕೆಲಸವೆಂದು ಹೇಳಿ ಪ್ರಯೋಜನವಿಲ್ಲ. ಮೂರನೆಯ ಪ್ರಯತ್ನಕ್ಕೆ ಎಂಜಿನ್ ಹಿಡಿಯಿತು. ಅವನು ನಿಲ್ಲಿಸುವಂತಿರಲಿಲ್ಲವಾದ್ದರಿಂದ ಕಿಟಕಿಯಿಂದ ಕೈ ಹೊರಹಾಕಿ ಬೀಸುತ್ತ, 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದ ಕಡೆಗೆ ಹೋಗಿಬಿಟ್ಟ. ನಾವು ಏದುಸಿರು ಆರುವವರೆಗೆ ಕೂತು, ರೇಡಿಯೇಟರಿಗೆ ಇನ್ನಷ್ಟು ನೀರು ಹಾಕಿ, ಅವನ ಹಿಂದೆ ಹೊರಟೆವು.